ಸಾಕ್ಷಿಯಿಲ್ಲದ ಸಾಕ್ಷ್ಯಚಿತ್ರ

ಸಾಕ್ಷಿಯೆಂಬ ಶಬ್ದವು ಯಾರಿಗೆ ಸಲ್ಲುವುದೆಂಬುದನ್ನು ಪಾಣಿನಿ ಮಹರ್ಷಿಯು ಬಹು ಹಿಂದೆಯೇ ನಿರ್ಣಯಿಸಿಟ್ಟಿದ್ದಾನೆ. ನಡೆದುದನ್ನು ತನ್ನ ಕಣ್ಣಿನಿಂದ ಕಂಡವನಿಗೆ ಮಾತ್ರ ಆ ಹೆಸರು. ಧರ್ಮಶಾಸ್ತ್ರಕಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಿವಿಯಾರೆ ಕೇಳಿದವನನ್ನೂ ಸಾಕ್ಷಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಆದರೆ ಅವನೂ ಆಡಿದವನ ಬಾಯಿಂದಲೇ ಕೇಳಿದವನಾಗಿರಬೇಕಲ್ಲದೆ, ಸಂತೆಯ ಸುದ್ದಿಯನ್ನು ಹೊತ್ತು ಬಂದವನಾಗಿರಕೂಡದು. ಇಷ್ಟು ಕಟ್ಟುನಿಟ್ಟಾದ ಶಬ್ದವನ್ನು ತೆಗೆದುಕೊಂಡು ಕನ್ನಡಿಗರು ಚಲಚ್ಚಿತ್ರದ ಒಂದು ಜಾತಿಗೆ ‘ಸಾಕ್ಷ್ಯಚಿತ್ರ’ವೆಂದು ನಾಮಕರಣ ಮಾಡಿದ್ದಾರೆ. ಹೆಸರು ಸೊಗಸಾಗಿದೆ. ಆದರೆ ಕೂಸಿಗೆ ಹರಿಶ್ಚಂದ್ರನೆಂದು ಹೆಸರಿಟ್ಟ ಮಾತ್ರಕ್ಕೆ ಅದು ಸತ್ಯವನ್ನೇ ನುಡಿಯುವುದೆಂಬ ನಿಯಮವೇನೂ ಇಲ್ಲವಷ್ಟೆ!

ಹಂಪೆಯನ್ನು ಕುರಿತು ತೆಗೆಯುವ ಚಿತ್ರಗಳ ಸಾಮಾನ್ಯ ಕ್ರಮವನ್ನು ಹೊಸಪೇಟೆ, ಕಂಪ್ಲಿ, ಸಂಡೂರುಗಳ ಜನರು ಚೆನ್ನಾಗಿ ಬಲ್ಲರು. ೧೯೮೬ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತರುವಾಯ ಚಿತ್ರ ತೆಗೆಯುವವರ ಬರವು ಹೆಚ್ಚುತ್ತಲೇ ಬಂದಿದೆ. ಮಾತಂಗ ಪರ್ವತದ ಮೇಲಿನ ಸೂರ್ಯೋದಯ, ವಿಠ್ಠಲಾಲಯದ ಕಲ್ಲಿನ ರಥ, ತುಂಗಭದ್ರೆಯ ಹರಿಗೋಲು, ಆಕಾಶದಿಂದ ತೆಗೆದ ಮಹಾನವಮಿ ದಿಬ್ಬ. ಹಿನ್ನೆಲೆಯಲ್ಲಿ ಭೇರಿಯ ಅಬ್ಬರ. ಆ ಅಬ್ಬರದ ಮೇಲೊಂದು ಗಂಭೀರವಾದ ಕಂಠ. ಬೀದಿಯಲ್ಲಿ ಮುತ್ತುರತ್ನಗಳನ್ನು ಅಳೆದು ಮಾರಿದರೆಂಬ ಮಾತು ನಡುವೆ ಬಂದೇ ಬರುವುದು. ೧೫೬೫ರ ರಕ್ಕಸತಂಗಡಿಯ ಸೋಲಿನೊಡನೆ ಮಂಗಳವಾಗುವುದು. ಇವನ್ನು ನೋಡಿ ಆನಂದಿಸುವವರನ್ನು ಹೀಯಾಳಿಸುವುದು ಇಲ್ಲಿಯ ಉದ್ದೇಶವಲ್ಲ. ಚೆಲುವಾದುದನ್ನು ಚೆಲುವಾಗಿ ತೋರಿಸುವುದು ತಪ್ಪೂ ಅಲ್ಲ. ಆಕ್ಷೇಪವು ಬೇರೆಯದು. ಸಾಕ್ಷ್ಯಚಿತ್ರವೆಂಬ ಹೆಸರನ್ನು ಹೊತ್ತ ಕೃತಿಯು ಸಾಕ್ಷಿಗಳನ್ನು ಕರೆಯಬೇಕು. ಕಂಡವನಾರು, ಕೇಳಿದವನಾರು, ಕಲ್ಪಿಸಿದವನಾರು ಎಂಬುದನ್ನು ಬೇರ್ಪಡಿಸಿ ಹೇಳಬೇಕು. ಹಾಗೆ ಮಾಡದ ಚಿತ್ರವು ಉತ್ಸವವಾದೀತು, ಸಾಕ್ಷ್ಯವಾಗಲಾರದು.

ಈ ಮಾತಿಗೆ ಒಂದೇ ದೃಷ್ಟಾಂತ ಸಾಕು. ವಿಜಯನಗರದ ಅರಮನೆಯಲ್ಲಿ ಇಮ್ಮಡಿ ದೇವರಾಯನ, ಎಂದರೆ ಪ್ರೌಢದೇವರಾಯನ, ಮೇಲೆ ನಡೆದ ಕೊಲೆಯ ಯತ್ನವೇ ಆ ದೃಷ್ಟಾಂತ. ಅದನ್ನು ಒಂದು ಮೂಲೆಯಲ್ಲಿ ಅಡಗಿ ನಿಂತು ಕಂಡ ಒಬ್ಬ ಕಾವಲಿನ ಭಟನಿದ್ದನು. ಕಥೆ ಹೇಳುವವರೆಲ್ಲರೂ ಆ ಭಟನನ್ನು ದಾಟಿಕೊಂಡೇ ಹೋಗುತ್ತಾರೆ.

ಮೊದಲು ವೃತ್ತಾಂತವನ್ನು ತಿಳಿಯಬೇಕು. ತೈಮೂರನ ಮಗನಾದ ಶಾರುಖನು ತನ್ನ ರಾಯಭಾರಿಯನ್ನಾಗಿ ಅಬ್ದುರ್ ರಜಾಕನೆಂಬುವನನ್ನು ದಕ್ಷಿಣಾಪಥಕ್ಕೆ ಕಳುಹಿಸಿದನು. ಅವನು ೧೪೪೨ರ ನವೆಂಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದು ಕೆಲವು ತಿಂಗಳು ಅಲ್ಲಿದ್ದನು. ಬಳಿಕ ದೇವರಾಯನ ಕರೆಯಂತೆ ಹೊರಟು ೧೪೪೩ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯನಗರವನ್ನು ಮುಟ್ಟಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಂದಿರುಗಿದನು. ತಾನು ಕಲ್ಲಿಕೋಟೆಯಲ್ಲಿದ್ದ ದಿನಗಳಲ್ಲಿಯೇ ವಿಜಯನಗರದಲ್ಲಿ ಈ ಘೋರಕೃತ್ಯವು ನಡೆಯಿತೆಂದು ಅವನು ಪಾರಸಿಯಲ್ಲಿ ಬರೆದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ.

ದೊರೆಯ ಸೋದರನೊಬ್ಬನು ಹೊಸ ಮನೆಯನ್ನು ಕಟ್ಟಿಸಿ, ದೊರೆಯನ್ನೂ ರಾಜ್ಯದ ಪ್ರಮುಖರನ್ನೂ ಔತಣಕ್ಕೆ ಕರೆದನು. ಒಬ್ಬರ ಎದುರಿಗೆ ಇನ್ನೊಬ್ಬರು ಊಟಮಾಡದ ಪದ್ಧತಿಯಿದ್ದುದರಿಂದ, ಬಂದವರೆಲ್ಲರೂ ಒಂದು ಚಾವಡಿಯಲ್ಲಿ ಕುಳಿತಿದ್ದರು. ಒಬ್ಬೊಬ್ಬರನ್ನಾಗಿ ಒಳಕ್ಕೆ ಕರೆದರು. ನಗರದಲ್ಲಿದ್ದ ಭೇರಿ, ನಗಾರಿ, ಕಹಳೆ, ಕೊಳಲುಗಳನ್ನೆಲ್ಲ ಅಲ್ಲಿಗೆ ತರಿಸಿ ಒಟ್ಟಿಗೆ ಬಾರಿಸಲಾಯಿತು. ಒಳಹೊಕ್ಕವನನ್ನು ಅವಿತಿದ್ದ ಇಬ್ಬರು ಘಾತುಕರು ಇರಿದು ಕತ್ತರಿಸುವರು; ಹೆಣವನ್ನು ಸರಿಸಿ ಮುಂದಿನವನನ್ನು ಕರೆಯುವರು. ವಾದ್ಯಗಳ ಗದ್ದಲದಲ್ಲಿ ಒಬ್ಬನ ಕೂಗೂ ಹೊರಗಿನವರಿಗೆ ಕೇಳಿಸಲಿಲ್ಲ. ಅನಂತರ ಆ ಸೋದರನು ಅರಮನೆಗೆ ಹೋಗಿ, ಅಲ್ಲಿಯ ಕಾವಲಿನವರನ್ನೂ ನಯದ ಮಾತಿನಿಂದ ಅದೇ ಮನೆಗೆ ಕಳುಹಿಸಿ ಅದೇ ಗತಿ ಕಾಣಿಸಿದನು. ಆಮೇಲೆ ವೀಳ್ಯದ ತಟ್ಟೆಯ ಕೆಳಗೆ ಕಠಾರಿಯನ್ನು ಬಚ್ಚಿಟ್ಟುಕೊಂಡು ದೊರೆಯ ಸನ್ನಿಧಿಗೆ ಬಂದು, ಎಲ್ಲರೂ ತಮಗಾಗಿ ಕಾದಿರುವರೆಂದು ಬಿನ್ನವಿಸಿದನು. ಮೈಗೆ ಸ್ವಸ್ಥವಿಲ್ಲವೆಂದು ದೊರೆಯು ಹೇಳಲು, ಕಠಾರಿಯನ್ನು ಸೆಳೆದು ಹಲವು ಬಾರಿ ಇರಿದನು. ದೊರೆಯು ಸಿಂಹಾಸನದ ಹಿಂದೆ ಬಿದ್ದನು. ಸತ್ತನೆಂದೇ ಭಾವಿಸಿದ ಆ ದ್ರೋಹಿಯು, ತಲೆಯನ್ನು ಕತ್ತರಿಸಲು ತನ್ನವನೊಬ್ಬನನ್ನು ಅಲ್ಲಿ ಬಿಟ್ಟು, ತಾನೇ ರಾಜನೆಂದು ಸಾರುವುದಕ್ಕೆ ಹೊರಗೆ ಹೋದನು.

ಇಲ್ಲಿಂದ ಮುಂದಿನ ಭಾಗವನ್ನು ಗಮನವಿಟ್ಟು ನೋಡಬೇಕು. ತಲೆಯನ್ನು ಕತ್ತರಿಸಲು ಬಂದವನ ಎದೆಗೆ ದೊರೆಯು ಪೀಠದಿಂದಲೇ ಹೊಡೆದು ಕೆಡವಿದನು. ಆಗ, ಈ ಭಯಂಕರವನ್ನು ಕಂಡು ಒಂದು ಮೂಲೆಯಲ್ಲಿ ಅಡಗಿಕೊಂಡಿದ್ದ ಮೈಗಾವಲಿನ ಭಟನೊಬ್ಬನು ಹೊರಬಂದನು. ಅವನ ನೆರವಿನಿಂದ ದೊರೆಯು ಆ ಘಾತುಕನನ್ನು ಕೊಂದು, ಅಂತಃಪುರದ ಮಾರ್ಗವಾಗಿ ಹೊರಕ್ಕೆ ಹೋದನು. ತಾನು ಬದುಕಿರುವೆನೆಂದು ದೊರೆಯು ಕೂಗಿ ಹೇಳಿದುದೇ ತಡ, ನೆರೆದ ಜನರು ದ್ರೋಹಿಯ ಮೇಲೆ ಬಿದ್ದು ಅವನನ್ನು ಕೊಂದರು. ಆ ಕಾಲದಲ್ಲಿ ಸಿಂಹಳದ ಎಲ್ಲೆಯ ಕಡೆಗೆ ನೌಕಾಯಾತ್ರೆ ಹೋಗಿದ್ದ ದಣ್ಣಾಯಕನೊಬ್ಬನೇ ಪ್ರಮುಖರಲ್ಲಿ ಉಳಿದವನು. ಇಷ್ಟು ವೃತ್ತಾಂತ.

ಈಗ ವಿಚಾರ. ಅರಮನೆಯ ಆ ಒಳಚಾವಡಿಯಲ್ಲಿ ನಡೆದುದನ್ನು ಕಂಡವರು ಯಾರು? ಅಬ್ದುರ್ ರಜಾಕನಲ್ಲ, ಅವನು ಮಲೆಯಾಳದ ಕಡಲ ತೀರದಲ್ಲಿದ್ದನು. ದಣ್ಣಾಯಕನಲ್ಲ; ಅವನು ಇನ್ನೂ ದೂರದಲ್ಲಿದ್ದನು. ಪ್ರಮುಖರಲ್ಲ, ಅವರು ಹೊಸ ಮನೆಯಲ್ಲಿ ಹೆಣವಾಗಿದ್ದರು. ಉಳಿದ ಕಾವಲಿನವರಲ್ಲ, ಅವರೂ ಅಲ್ಲಿಯೇ ಮಡಿದಿದ್ದರು. ನೆರೆದ ಜನಸಮೂಹವು ಕಂಡುದು ಹೊರಗಿನ ಮೆಟ್ಟಿಲನ್ನು ಮಾತ್ರ. ಇರಿದ ಸೋದರನು ಜನರ ಕೈಯಲ್ಲಿ ಸತ್ತನು. ತಲೆಯನ್ನು ಕತ್ತರಿಸಬಂದವನು ಒಳಗೇ ಸತ್ತನು. ಹೀಗೆ ಒಬ್ಬೊಬ್ಬರನ್ನಾಗಿ ಬಿಡುತ್ತ ಬಂದರೆ ಉಳಿಯುವವರು ಇಬ್ಬರೇ: ಒಬ್ಬನು ದೊರೆ, ಇನ್ನೊಬ್ಬನು ಮೂಲೆಯ ಭಟ. ತಾರ್ಕಿಕರು ಇದನ್ನು ಪರಿಶೇಷವೆನ್ನುವರು. ವೀಳ್ಯದ ತಟ್ಟೆ, ಮೈಗೆ ಸ್ವಸ್ಥವಿಲ್ಲವೆಂಬ ಉತ್ತರ, ಪೀಠದ ಪೆಟ್ಟು, ಇವೆಲ್ಲವೂ ಲೋಕಕ್ಕೆ ತಿಳಿದುದು ಈ ಇಬ್ಬರಲ್ಲಿ ಒಬ್ಬರಿಂದಲ್ಲದೆ ಮತ್ತೆ ಯಾರಿಂದ? ಅವರಲ್ಲಿಯೂ ದೊರೆಯು ಇರಿತಕ್ಕೆ ಸಿಕ್ಕಿ ಬಿದ್ದಿದ್ದವನು; ನಿಂತು ನೋಡಿದವನು ಭಟನೊಬ್ಬನೇ. ಮೇಲಾಗಿ, ಕಾವಲಿನವನು ಹೆದರಿ ಮೂಲೆ ಸೇರಿದ್ದನೆಂಬ ವಿವರವನ್ನು ಯಾವ ಹೊಗಳುಭಟ್ಟನೂ ಕಟ್ಟಿ ಹೇಳುವುದಿಲ್ಲ. ಅದರಿಂದ ಯಾರಿಗೂ ಕೀರ್ತಿಯಿಲ್ಲ. ಕೀರ್ತಿಗೆ ಒದಗದ ವಿವರವು ಉಳಿದು ಬಂದಿದ್ದರೆ, ಅದು ನಿಜವಾಗಿರುವ ಸಂಭವವೇ ಹೆಚ್ಚು.

ಇನ್ನು ಎರಡನೆಯ ಕಥೆಗೆ ಬರೋಣ. ಸುಮಾರು ತೊಂಬತ್ತು ವರ್ಷಗಳ ತರುವಾಯ, ಅಚ್ಯುತರಾಯನ ಕಾಲದಲ್ಲಿ, ಪೋರ್ತುಗೀಸ್ ಕುದುರೆ ವ್ಯಾಪಾರಿಯಾದ ಫೆರ್ನಾವ್ ನೂನಿಜನು ವಿಜಯನಗರದ ರಾಜರ ಚರಿತ್ರೆಯನ್ನು ಬರೆದನು. ಅದರಲ್ಲಿಯೂ ಇಂತಹದೇ ಒಂದು ಕೊಲೆಯ ಕಥೆಯುಂಟು. ಆದರೆ ಅಲ್ಲಿ ದ್ರೋಹಿಯು ಸೋದರನಲ್ಲ, ಮಗನಂತೆ ಸಾಕಿದ ಸೋದರಳಿಯನ ವರಸೆಯವನು. ಸಂದರ್ಭವು ಗೃಹಪ್ರವೇಶದ್ದಲ್ಲ, ಮದುವೆಯದು. ವೀಳ್ಯದ ತಟ್ಟೆಗೆ ಬದಲಾಗಿ ಬಂಗಾರದ ಬಟ್ಟಲು. ಅದರಲ್ಲಿ ವಿಷ ಸವರಿದ ಕಠಾರಿ. ಕತ್ತಿ ಕಠಾರಿಗಳ ವಿದ್ಯೆಯಲ್ಲಿ ರಾಜ್ಯದಲ್ಲೇ ಎಣೆಯಿಲ್ಲದ ದೊರೆಯು ಮೈಯನ್ನು ತಿರುವಿ ತಿರುವಿ ಪೆಟ್ಟುಗಳನ್ನು ತಪ್ಪಿಸಿಕೊಂಡು, ತನ್ನ ಕಿರುಗತ್ತಿಯಿಂದ ದ್ರೋಹಿಯನ್ನು ತಾನೇ ಕೊಲ್ಲುತ್ತಾನೆ. ಅವನ ತಲೆಯನ್ನು ಕೈಯಲ್ಲಿ ಹಿಡಿದು ಕುದುರೆಯೇರಿ ಹೋಗುತ್ತಾನೆ. ಆರು ತಿಂಗಳಲ್ಲಿ ವಿಷವೇರಿ ಸಾಯುತ್ತಾನೆ.

ವಾಚಕರು ಇಲ್ಲಿ ಗಮನಿಸಬೇಕಾದುದು ಒಂದೇ. ಮೂಲೆಯ ಭಟನು ಎಲ್ಲಿ? ಅವನು ಮಾಯವಾಗಿದ್ದಾನೆ! ತೊಂಬತ್ತು ವರ್ಷಗಳ ಕಾಲ ಬಾಯಿಂದ ಬಾಯಿಗೆ ಹರಿದ ಕಥೆಯು ಮೊದಲು ಬಿಟ್ಟುದು ಸೇವಕನನ್ನು. ಮೊದಲು ಬೆಳೆಸಿದುದು ದೊರೆಯ ಪರಾಕ್ರಮವನ್ನು. ಪೀಠವನ್ನು ಹಿಡಿದು ಹೊಡೆದು, ಸೇವಕನ ನೆರವಿನಿಂದ ಬದುಕಿ, ಅಂತಃಪುರದ ದಾರಿಯಿಂದ ಹೊರಬಂದ ಮನುಷ್ಯನು ಹೋದನು; ಆ ಜಾಗದಲ್ಲಿ ರುಂಡವನ್ನು ಹಿಡಿದು ಕುದುರೆಯೇರಿದ ವೀರನು ಬಂದನು. ಇದರ ಪ್ರಾಮಾಣ್ಯವೆಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. ಇರಿತವಾದುದು ೧೪೪೩ರ ಏಪ್ರಿಲಿಗೆ ಮೊದಲು. ಅಬ್ದುರ್ ರಜಾಕನು ಆಮೇಲೆ ಬಂದು ದೊರೆಯನ್ನು ಕಣ್ಣಾರೆ ಕಂಡನು. ದೊರೆಯ ಕೈಯಿಂದ ವೀಳ್ಯವನ್ನೂ ಕರ್ಪೂರವನ್ನೂ ಉಡುಗೊರೆಯಾಗಿ ಪಡೆದನು. ದೇವರಾಯನು ತೀರಿಕೊಂಡುದು ೧೪೪೬ರಲ್ಲಿ. ಆರು ತಿಂಗಳ ವಿಷದ ಮಾತು ಎಲ್ಲಿ ನಿಂತಿತು?

ರಾಬರ್ಟ್ ಸಿವೆಲ್ ಎಂಬ ಆಂಗ್ಲ ಅಧಿಕಾರಿಯು ೧೯೦೦ರಲ್ಲಿ ಪ್ರಕಟಿಸಿದ, ಮರೆತುಹೋದ ಸಾಮ್ರಾಜ್ಯವೆಂಬ ಅರ್ಥದ ಹೆಸರುಳ್ಳ ಗ್ರಂಥದಲ್ಲಿ ಈ ಎರಡು ಕಥನಗಳೂ ಲೋಕಕ್ಕೆ ಒಟ್ಟಿಗೆ ದೊರೆತವು. ಅಂದಿನಿಂದ ಅವುಗಳನ್ನು ಬೇರೆ ಬೇರೆಯಾಗಿ ತೂಗಿ ನೋಡುವ ಅವಕಾಶವು ಎಲ್ಲರಿಗೂ ಇದೆ. ಆದರೂ ಒಂದರಿಂದ ವೀಳ್ಯವನ್ನೂ ಇನ್ನೊಂದರಿಂದ ವಿಷವನ್ನೂ ಆಯ್ದು, ಗೃಹಪ್ರವೇಶಕ್ಕೆ ಮದುವೆಯನ್ನು ಬೆರೆಸಿ, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುವ ಅಭ್ಯಾಸವು ಕಥೆ ಹೇಳುವವರಲ್ಲಿ ಬೆಳೆದಿದೆ. ಅದಕ್ಕಿಂತಲೂ ದೊಡ್ಡ ದೋಷವೆಂದರೆ, ಅಬ್ದುರ್ ರಜಾಕನನ್ನೇ ಕೊಲೆಯ ಪ್ರತ್ಯಕ್ಷಸಾಕ್ಷಿಯಂತೆ ನಿಲ್ಲಿಸುವುದು. ಅವನು ತಾನು ಆಗ ಕಲ್ಲಿಕೋಟೆಯಲ್ಲಿದ್ದೆನೆಂದು ತಾನೇ ಬರೆದಿದ್ದಾನೆ! ಸಾಕ್ಷಿಯು ತಾನು ಕಾಣಲಿಲ್ಲವೆಂದು ಹೇಳುತ್ತಿದ್ದರೂ, ಕಂಡೆನೆಂದು ಅವನ ಬಾಯಲ್ಲಿ ನುಡಿಸುವ ವಕೀಲನಿಗೆ ನ್ಯಾಯಸ್ಥಾನದಲ್ಲಿ ಏನು ಮರ್ಯಾದೆ ದೊರೆಯುವುದೋ, ಅಂತಹ ಚಿತ್ರಕಾರನಿಗೂ ಅಷ್ಟೇ ಸಲ್ಲಬೇಕು.

ಇದಕ್ಕೆ ಎದುರಾಗಿ ಹೇಳುವ ಮಾತುಗಳುಂಟು. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯ ಪೂರ್ವಪಕ್ಷ: ‘ಹೆಸರಿಲ್ಲ, ಊರಿಲ್ಲ, ಮುಖವಿಲ್ಲ, ಅಂತಹವನ ಮೇಲೆ ಏನು ಚಿತ್ರ ತೆಗೆಯುವುದು?’ ಹೆಸರಿಲ್ಲದಿರುವುದು ಭಟನ ದೋಷವಲ್ಲ, ಬರೆದವರ ದೋಷ. ತಾಯಿತಂದೆಗಳು ಅವನಿಗೊಂದು ಹೆಸರಿಟ್ಟೇ ಇದ್ದರು. ಸಾಕ್ಷಿಗೆ ಕುಲಶೀಲಗಳೂ ಯೋಗ್ಯತೆಯೂ ಬೇಕೆಂದು ಬಹಳ ಕಟ್ಟಳೆಗಳನ್ನು ಮಾಡಿದ ಯಾಜ್ಞವಲ್ಕ್ಯನು ಕೂಡ, ಸಾಹಸವೆನಿಸಿದ ಹಿಂಸಾಕೃತ್ಯಗಳ ವಿಷಯದಲ್ಲಿ ಆ ಕಟ್ಟಳೆಗಳನ್ನು ಸಡಿಲಿಸಿ, ಕಂಡವರು ಯಾರಾದರೂ ಸಾಕ್ಷಿಗಳಾಗಬಹುದೆಂದು ವಿಧಿಸಿದ್ದಾನೆ. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಬಾಳಿದವನು. ಎಂದರೆ ಈ ನಾಡಿನವನೇ. ವಿಜಯನಗರದ ಆದಿಕಾಲದ ಮಾಧವಾಚಾರ್ಯನು ಪರಾಶರಸ್ಮೃತಿಗೆ ವ್ಯಾಖ್ಯಾನವನ್ನು ಬರೆಯುವಾಗ, ಮೂಲದಲ್ಲಿಲ್ಲದ ವ್ಯವಹಾರಕಾಂಡವನ್ನು ತಾನೇ ರಚಿಸಿ ಸೇರಿಸಿದನು. ಸಾಕ್ಷಿಯ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ನಾಡಿನಲ್ಲಿ, ಕೊಲೆಯನ್ನು ಕಂಡವನು ಬರಿಯ ಕಾವಲಿನವನೆಂಬ ಕಾರಣದಿಂದ ಅವನನ್ನು ಬಿಡುವುದು ಯಾವ ಶಾಸ್ತ್ರ?

ದೂರದ ಮಾತೇಕೆ? ೧೯೪೮ರ ಜನವರಿ ೩೦ರಂದು ದೆಹಲಿಯ ಬಿರ್ಲಾ ಭವನದಲ್ಲಿ ಮಹಾತ್ಮಾ ಗಾಂಧಿಯವರ ಕೊಲೆಯಾದಾಗ, ಕೊಲೆಗಾರನನ್ನು ಹಿಡಿಯಲು ನುಗ್ಗಿದವರಲ್ಲಿ ಆ ತೋಟದ ಮಾಲಿ ರಘು ನಾಯಕನೊಬ್ಬನು. ಒಡಿಶಾದ ಆ ಬಡವನ ಹೆಸರು ಉಳಿದಿದೆ. ಆದರೂ ಆ ಸಂಜೆಯ ಕಥೆಯನ್ನು ಹೇಳುವ ಎಷ್ಟು ಮಂದಿ ಅವನನ್ನು ನೆನೆಯುತ್ತಾರೆ? ಹೆಸರಿದ್ದವನಿಗೇ ಹೀಗಾದರೆ, ಹೆಸರಿಲ್ಲದವನನ್ನು ಎತ್ತಿ ತೋರಿಸುವ ಹೊಣೆಯು ಇಮ್ಮಡಿಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ.

ಎರಡನೆಯ ಪೂರ್ವಪಕ್ಷ: ‘ಅವನು ಹೇಡಿ. ಒಡೆಯನನ್ನು ಇರಿಯುತ್ತಿರುವಾಗ ಮೂಲೆಯಲ್ಲಿ ಅಡಗಿದ್ದವನು. ವಿಜಯನಗರದ ಸೈನಿಕನನ್ನು ಹೀಗೆ ತೋರಿಸಿದರೆ ನಾಡಿಗೆ ಅಪಮಾನ.’ ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಅವನು ಅಡಗಿದ್ದನು, ಅದನ್ನು ಮರೆಮಾಡಬೇಕಾಗಿಲ್ಲ. ಜತೆಯ ಕಾವಲಿನವರೆಲ್ಲ ಹೋಗಿ ಹಿಂದಿರುಗಿಲ್ಲ. ಎದುರಿಗೆ ರಾಜಕುಮಾರನೇ ಕೊಲೆಗಾರ. ಯಾರ ಕೈಗೆ ರಾಜ್ಯವು ಹೋಗುವುದೋ ತಿಳಿಯದ ಗಳಿಗೆ. ಅಂತಹ ಗಳಿಗೆಯಲ್ಲಿ ಹೆದರುವುದು ಮಾನುಷಧರ್ಮ. ಆದರೆ ಅವನು ಮೂಲೆಯಲ್ಲಿಯೇ ಉಳಿಯಲಿಲ್ಲ. ಹೊರಗೆ ಹೊಸ ದೊರೆಯ ಘೋಷಣೆ ಕೇಳುತ್ತಿರುವಾಗ, ರಕ್ತದಲ್ಲಿ ಬಿದ್ದಿದ್ದ ಹಳೆಯ ದೊರೆಯ ಕಡೆಗೆ ಅವನು ನಡೆದು ಬಂದನು. ಅಡಗಿಕೊಂಡೇ ಇದ್ದಿದ್ದರೆ ಅವನ ಪ್ರಾಣಕ್ಕೆ ಅಪಾಯವಿರಲಿಲ್ಲ. ಗೆದ್ದವನ ಪಕ್ಷವನ್ನು ಸೇರಿದ್ದರೆ ಲಾಭವೂ ಇದ್ದೀತು. ಮೂಲೆಗೂ ಸಿಂಹಾಸನಕ್ಕೂ ನಡುವಿನ ಆ ಕೆಲವು ಹೆಜ್ಜೆಗಳಲ್ಲಿ ಒಂದು ರಾಜ್ಯದ ಗತಿಯು ನಿಂತಿತ್ತು. ಹುಟ್ಟಾ ಧೀರನ ಕಥೆಯಿಂದ ಹುಡುಗರು ಕಲಿಯುವುದು ಚಪ್ಪಾಳೆ ತಟ್ಟುವುದನ್ನು. ಹೆದರಿಯೂ ಹೊರಬಂದವನ ಕಥೆಯಿಂದ ಕಲಿಯುವುದು ಹೊರಬರುವುದನ್ನು. ಯಾವುದು ಹೆಚ್ಚಿನ ಪಾಠವೆಂಬುದನ್ನು ಶಾಲೆಯಲ್ಲಿ ಪಾಠ ಹೇಳಿದ ಯಾರನ್ನು ಬೇಕಾದರೂ ಕೇಳಬಹುದು.

ಮೂರನೆಯ ಪೂರ್ವಪಕ್ಷ: ‘ಇದೆಲ್ಲ ಪರದೇಶಿಯ, ಪರಮತದವನ ಬರವಣಿಗೆ. ಅವನ ಮಾತನ್ನು ಏಕೆ ನಂಬಬೇಕು?’ ಈ ಪ್ರಶ್ನೆಯನ್ನು ಎತ್ತುವವರೇ, ಅದೇ ಲೇಖಕನು ನಗರದ ವೈಭವವನ್ನೂ ಏಳು ಸುತ್ತಿನ ಕೋಟೆಯನ್ನೂ ಹೊಗಳಿದಾಗ ಎರಡು ಕೈಗಳಿಂದಲೂ ಸ್ವೀಕರಿಸುತ್ತಾರೆ! ಹೊಗಳಿದಾಗ ಪ್ರಮಾಣ, ಒಳಗುಟ್ಟನ್ನು ಹೇಳಿದಾಗ ಅಪ್ರಮಾಣ ಎಂಬುದು ಅರ್ಧಜರತೀಯ ನ್ಯಾಯ; ಮುದುಕಿಯ ಅರ್ಧ ದೇಹವನ್ನು ಮಾತ್ರ ಬಯಸಿದಂತೆ. ಇನ್ನು ಮತದ ಮಾತು. ದೇವರಾಯನ ಅಧಿಕಾರಿಯಾದ ಅಹಮದ್ ಖಾನನು ತನ್ನ ಒಡೆಯನಿಗೆ ಪುಣ್ಯವಾಗಲೆಂದು ೧೪೩೯ರಲ್ಲಿ ಕಟ್ಟಿಸಿದ ಧರ್ಮಶಾಲೆಯು ಹಂಪೆಯಲ್ಲಿ ಇಂದಿಗೂ ನಿಂತಿದೆ. ಅದರ ಶಾಸನವು ಕನ್ನಡದಲ್ಲಿದೆ. ಅದೇ ದೇವರಾಯನು ೧೪೨೬ರಲ್ಲಿ ಎಲೆ ಅಡಿಕೆಯ ಅಂಗಡಿಬೀದಿಯಲ್ಲಿ ಪಾರ್ಶ್ವನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದನು. ಅಂತಹ ದೊರೆಯ ಕಥೆಯಲ್ಲಿ ಮತವನ್ನು ನೋಡಿ ಸಾಕ್ಷಿಯನ್ನು ತಳ್ಳುವುದು ಆ ದೊರೆಗೇ ಸಲ್ಲದ ಕೆಲಸ. ಸುಳ್ಳು ಸುದ್ದಿಯ ಪೆಟ್ಟನ್ನು ಅಬ್ದುರ್ ರಜಾಕನು ಸ್ವತಃ ಉಂಡವನೂ ಹೌದು: ಹುರ್ಮುಜಿನ ವರ್ತಕರು, ಅವನು ನಿಜವಾ ರಾಯಭಾರಿಯೇ ಅಲ್ಲವೆಂದು ಆಸ್ಥಾನದಲ್ಲಿ ಚಾಡಿ ಹೇಳಿ ಅವನ ಮರ್ಯಾದೆಗೆ ಕುಂದು ತಂದರು.

ಇದಕ್ಕೆ ಪ್ರತಿಯಾಗಿ, ಹೊರಗಿನವನು ಬರೆದುದೆಲ್ಲ ನಿಷ್ಪಕ್ಷಪಾತವೆಂದು ಕಣ್ಣುಮುಚ್ಚಿ ನಂಬುವವರೂ ಉಂಟು. ಅವರ ಮಾರ್ಗವೂ ತಪ್ಪು. ನೂನಿಜನೂ ಹೊರಗಿನವನೇ ತಾನೆ! ಸಾಕ್ಷಿಯನ್ನು ಪರೀಕ್ಷಿಸುವುದು ಅವನ ಊರಿನಿಂದಲ್ಲ, ಮತದಿಂದಲ್ಲ. ಅವನು ಕಂಡುದೆಷ್ಟು, ಕೇಳಿದುದೆಷ್ಟು, ಯಾರಿಂದ ಕೇಳಿದನು, ಎಷ್ಟು ಕಾಲದ ಮೇಲೆ ಕೇಳಿದನು ಎಂಬುದರಿಂದ. ಅಬ್ದುರ್ ರಜಾಕನು ಕೊಲೆಯನ್ನು ಕಾಣಲಿಲ್ಲ. ಆದರೆ ಕೆಲವೇ ತಿಂಗಳೊಳಗೆ ಆ ನಗರದಲ್ಲಿಯೇ ಇದ್ದು, ಬದುಕಿ ಉಳಿದ ದೊರೆಯನ್ನು ಕಂಡನು. ನೂನಿಜನಿಗೆ ಇವೆರಡೂ ಇರಲಿಲ್ಲ. ತೂಕವು ಯಾವ ಕಡೆಗೆಂಬುದು ಸ್ಪಷ್ಟ.

ನಾಲ್ಕನೆಯ ಪೂರ್ವಪಕ್ಷ: ‘ನೋಡುವವರಿಗೆ ವೈಭವ ಬೇಕು. ಮನೆಯೊಳಗಿನ ದ್ರೋಹವನ್ನೂ ರಕ್ತವನ್ನೂ ಬಯಲಿಗೆ ಎಳೆದು ಪ್ರವಾಸಿಗಳಿಗೆ ತೋರಿಸುವುದೇಕೆ?’ ಇದು ನಾಲ್ಕರಲ್ಲಿ ಹೆಚ್ಚು ಅಪಾಯದ ಮಾತು. ಏಕೆಂದರೆ ಇದು ಸೌಜನ್ಯದ ವೇಷದಲ್ಲಿ ಬರುತ್ತದೆ. ಆ ದಿನದ ಫಲವು ಅರಮನೆಯ ಗೋಡೆಯೊಳಗೆ ನಿಲ್ಲಲಿಲ್ಲ. ವಿಜಯನಗರದ ಪ್ರಮುಖರು ಮಡಿದ ಸುದ್ದಿಯನ್ನು ಕೇಳಿ ಬೀದರಿನ ಬಹಮನಿ ಸುಲ್ತಾನ ಅಲಾಉದ್ದೀನ್ ಅಹಮದನು ಏಳು ಲಕ್ಷ ವರಹಗಳನ್ನು ಕೊಡಬೇಕೆಂದು ಬೆದರಿಸಿ ಹೇಳಿಕಳುಹಿಸಿದನು. ದೇವರಾಯನು ಒಪ್ಪದಿರಲು ಯುದ್ಧವಾಯಿತು. ನಗರದೊಳಗೆ ನಡೆದ ದಂಡನೆಯು ಇನ್ನೂ ಘೋರ. ಪಿತೂರಿಯಲ್ಲಿ ಸೇರಿದವರೆಂದು ಎಣಿಸಿದವರನ್ನು ಚರ್ಮ ಸುಲಿದು, ಸುಟ್ಟು ಕೊಂದರು. ಅವರ ಮನೆತನಗಳನ್ನೇ ಅಳಿಸಿದರು. ಔತಣದ ಪತ್ರವನ್ನು ಹೊತ್ತು ತಂದವನನ್ನು ಚಿತ್ರಹಿಂಸೆಗೆ ಗುರಿಮಾಡಿದರು. ಪತ್ರ ತಂದವನಿಗೆ ಪಿತೂರಿಯ ಅರಿವಿತ್ತೇ? ಅವನು ಏನೆಂದು ಕೂಗಿದನು? ಅವನ ಮಾತನ್ನು ಯಾರೂ ಬರೆದಿಡಲಿಲ್ಲ. ಸುಟ್ಟುಹೋದ ಮನೆತನಗಳ ಕೂಸುಗಳ ಮಾತನ್ನೂ ಬರೆದಿಡಲಿಲ್ಲ. ಇವರೆಲ್ಲರ ಪಾಲಿಗೆ ನಗರದ ಏಳು ಕೋಟೆಗಳು ವೈಭವವಾಗಿರಲಿಲ್ಲ. ತಿಳಿದೂ ಸಾಕ್ಷ್ಯವನ್ನು ನುಡಿಯದವನು ಸುಳ್ಳುಸಾಕ್ಷಿಯಷ್ಟೇ ಪಾಪಿಯೆಂದು ಯಾಜ್ಞವಲ್ಕ್ಯನ ಮತ. ವೈಭವವನ್ನು ಮಾತ್ರ ತೋರಿಸಿ ಇದನ್ನು ಬಿಡುವ ಚಿತ್ರವು ಒಂದು ಸುಳ್ಳನ್ನೂ ಹೇಳದೆಯೇ ಸುಳ್ಳುಸಾಕ್ಷಿಯಾಗುತ್ತದೆ.

ಈ ಸೀಮೆಯ ಜನರಿಗೆ ಇಂತಹ ಕಥೆಯನ್ನು ತಾಳಿಕೊಳ್ಳುವ ಶಕ್ತಿಯಿಲ್ಲವೆಂಬುದು ಚಿತ್ರಕಾರರ ಭ್ರಾಂತಿ. ವಿಜಯನಗರವು ಹುಟ್ಟುವುದಕ್ಕೆ ಮೊದಲೇ ಅಳಿದ ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಕಂಪ್ಲಿಯ ಸುತ್ತಿನ ಊರುಗಳವರು ಇಂದಿಗೂ ಮರೆತಿಲ್ಲ. ಮಲತಾಯಿಯ ಚಾಡಿ, ಮಗನ ತಲೆಯನ್ನು ತರಹೇಳಿದ ತಂದೆಯ ಕೋಪ, ಬೈಚಪ್ಪ ಮಂತ್ರಿಯು ರಾಮನನ್ನು ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸಿದ ಉಪಾಯ: ಇದರಲ್ಲಿ ಅರಮನೆಯ ಯಾವ ಹುಳುಕನ್ನು ಜನಪದರು ಮುಚ್ಚಿಟ್ಟರು? ಏನನ್ನೂ ಮುಚ್ಚಲಿಲ್ಲ. ರಾಜರ ಮನೆಯ ಪಾಪವನ್ನು ರಾಜರ ಮನೆಯ ಪಾಪವೆಂದೇ ಹೇಳಿ, ಆಮೇಲೆಯೂ ಕುಮಾರರಾಮನನ್ನು ಪೂಜಿಸಿದರು. ಅಕ್ಷರವರಿಯದ ಹಾಡುಗಾರರಿಗೆ ಇದ್ದ ಧೈರ್ಯವು ಯಂತ್ರಸಾಮಗ್ರಿಗಳೆಲ್ಲವೂ ಇರುವ ಚಿತ್ರಕಾರರಿಗೆ ಇರಬಾರದೇಕೆ?

ಖಂಡನೆಯನ್ನು ಮಾಡಿ ಮಂಡನೆಯನ್ನು ಮಾಡದಿರುವುದು ವಿತಂಡೆ. ಆದುದರಿಂದ ಆಗಬೇಕಾದುದೇನೆಂಬುದನ್ನೂ ಹೇಳುವುದು ಅವಶ್ಯ. ಈ ಕೃತ್ಯವನ್ನು ಕುರಿತು ಚಿತ್ರವನ್ನು ತೆಗೆಯುವವರು ಅದನ್ನು ಸಿಂಹಾಸನದಿಂದಲ್ಲ, ಮೂಲೆಯಿಂದ ಪ್ರಾರಂಭಿಸಲಿ. ಆ ಮೂಲೆಯಿಂದ ಏನು ಕಾಣುವುದೋ ಅಷ್ಟನ್ನು ಮಾತ್ರ ಕಂಡುದೆಂದು ತೋರಿಸಲಿ. ಹೊಸ ಮನೆಯ ಕೊಲೆಗಳನ್ನು ಕೇಳಿದುದೆಂದು ಬೇರೆಯಾಗಿ ಹೇಳಲಿ. ಅಬ್ದುರ್ ರಜಾಕನ ಮಾತು ಬಂದಾಗ, ಅವನು ಆ ಹೊತ್ತಿಗೆ ಕಲ್ಲಿಕೋಟೆಯಲ್ಲಿದ್ದನೆಂಬುದನ್ನು ತಿಳಿಸಲಿ. ನೂನಿಜನ ಕಥೆಯನ್ನೂ ಬಿಡಬೇಕಾಗಿಲ್ಲ. ಅದನ್ನು ಅದರ ಕಾಲದೊಡನೆ ಮುಂದಿಟ್ಟು, ಭಟನು ಹೇಗೆ ಕಥೆಯಿಂದ ಕಳೆದುಹೋದನೆಂಬುದಕ್ಕೆ ನಿದರ್ಶನವಾಗಿ ತೋರಿಸಲಿ. ಹಂಪೆಯ ಅರಮನೆಯ ಆವರಣದಲ್ಲಿ ರಾಜಸಭೆಯ ಚಾವಡಿಯೆಂದು ಕರೆಯುವ ಎಡೆಯಲ್ಲಿ ಇಂದು ಉಳಿದಿರುವುದು ಜಗತಿಯೂ, ನೂರು ಕಂಬಗಳು ನಿಂತಿದ್ದ ಗುರುತುಗಳೂ ಮಾತ್ರ. ಮರದ ಕಂಬಗಳು ಹೋದುವು, ಮಾಡು ಹೋಯಿತು. ಗಣಕಯಂತ್ರದಿಂದ ಬಂಗಾರದ ಅರಮನೆಯನ್ನು ಕಟ್ಟಿ ತೋರಿಸುವುದಾದರೆ, ಅದು ಕಲ್ಪನೆಯೆಂದು ತೆರೆಯ ಮೇಲೆಯೇ ಬರೆಯಲಿ. ಕಲ್ಪನೆಯು ಪಾಪವಲ್ಲ, ಕಲ್ಪನೆಯನ್ನು ಕಂಡುದೆಂದು ಹೇಳುವುದು ಪಾಪ.

ಇನ್ನೊಂದು ಮಾತು. ಹಂಪೆಯಲ್ಲಿ ಚಿತ್ರೀಕರಣವೆಂದರೆ ಸುತ್ತಿನ ಊರುಗಳ ಜನರು ಬೇಕಾಗುವುದು ಸೈನ್ಯವಾಗಿ, ಸಂತೆಯಾಗಿ, ಜಯಘೋಷ ಮಾಡುವ ಸಮೂಹವಾಗಿ. ಮಾತನಾಡುವ ಪಾತ್ರ ಬಂದಾಗ ಹೊರಗಿನ ಕಂಠ ಬರುತ್ತದೆ. ಮೂಲೆಯ ಭಟನ ಪಾತ್ರವನ್ನಾದರೂ ಈ ಸೀಮೆಯವನಿಗೆ ಕೊಡಲಿ. ಸಂಡೂರಿನ ಬೆಟ್ಟಗಳ ಅದಿರಿನ ಧೂಳನ್ನು ಉಸಿರಾಡಿದವನೋ, ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ದುಡಿದವನೋ, ಹೊಸಪೇಟೆಯ ನಿಲ್ದಾಣದಲ್ಲಿ ಮೂಟೆ ಹೊತ್ತವನೋ ತನ್ನ ಊರಿನ ಕನ್ನಡದಲ್ಲಿಯೇ ಆ ಗಳಿಗೆಯನ್ನು ಹೇಳಲಿ. ದೊಡ್ಡವರ ಮನೆಯಲ್ಲಿ ನಡೆದುದನ್ನು ಕಂಡೂ ಬಾಯಿ ಬಿಡಲಾಗದೆ ಮೂಲೆಯಲ್ಲಿ ನಿಂತ ಅನುಭವವು ಅವರಿಗೆ ಹೊಸದಲ್ಲ. ೨೦೨೧ರಲ್ಲಿ ಹೊಸಪೇಟೆಯು ವಿಜಯನಗರವೆಂಬ ಹೆಸರಿನ ಜಿಲ್ಲೆಗೆ ಕೇಂದ್ರವಾಯಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದುವು. ಎಲ್ಲೆಯು ಎಲ್ಲಿಯೇ ಹಾಯಲಿ, ವಿಜಯನಗರವೆಂಬ ಹೆಸರಿನ ಋಣವು ಎಲ್ಲರದು. ಆ ಋಣವನ್ನು ರಾಜರ ಪ್ರತಿಮೆಗಳಿಂದ ಮಾತ್ರ ತೀರಿಸಲಾಗದು. ಚಿತ್ರವು ಸಿದ್ಧವಾದ ಮೇಲೆ ಈ ಊರುಗಳ ಸಾಹಿತ್ಯಸಭೆಗಳೂ ಸುಮ್ಮನಿರಬಾರದು. ಕರೆದು ನೋಡಬೇಕು, ನೋಡಿ ಕೇಳಬೇಕು: ಇದನ್ನು ಕಂಡವರಾರು?

ಕೊನೆಯದಾಗಿ ಭೇರಿಯ ವಿಷಯ. ಆ ಹೊಸ ಮನೆಯಲ್ಲಿ ಭೇರಿಗಳನ್ನು ಬಾರಿಸಿದುದು ಸಂತೋಷಕ್ಕಾಗಿ ಅಲ್ಲ, ಸಾಯುವವರ ಕೂಗು ಹೊರಗೆ ಕೇಳಿಸದಿರಲೆಂದು. ಇಂದು ಚಿತ್ರಗಳ ಹಿನ್ನೆಲೆಯಲ್ಲಿ ಮೊಳಗುವ ಭೇರಿಗಳಿಗೆ ಅಂತಹ ದುರುದ್ದೇಶವೇನೂ ಇಲ್ಲ. ಆದರೆ ಫಲವು ಬೇರೆಯಾಗಿಲ್ಲ. ಅಬ್ಬರದಲ್ಲಿ ಸಣ್ಣ ದನಿಗಳು ಮುಳುಗುತ್ತವೆ. ಸಾಕ್ಷ್ಯಚಿತ್ರವೆಂಬ ಹೆಸರಿಗೆ ಯೋಗ್ಯವಾಗಬೇಕೆನ್ನುವವರು ಒಂದು ಗಳಿಗೆ ಆ ಭೇರಿಯನ್ನು ನಿಲ್ಲಿಸಲಿ, ಮೂಲೆಯಲ್ಲಿ ನಿಂತವನು ಐದುನೂರ ಎಂಬತ್ತು ವರ್ಷಗಳಿಂದ ಕಾದಿದ್ದಾನೆ, ಅವನು ಮಾತನಾಡಲಿ.

ಇತ್ಯಲಂ.